ಪೆಟ್ಟಿಗೆಗೆ ಹೊಸ ಬಳೆ

ಮುಪ್ಪು ವಸ್ತುವಿಗೆ ಬರಲಿ, ಮನುಷ್ಯನಿಗೆ ಬರಲಿ, ಒಮ್ಮೆಲೇ ಮೈತುಂಬ ಬರುವುದಿಲ್ಲ. ಅದು ಎಲ್ಲಿಯೋ ಒಂದು ಮೂಲೆಯನ್ನು ಹಿಡಿದು ಕುಳಿತುಕೊಳ್ಳುತ್ತದೆ. ಕೊಡೆಯ ಬಟ್ಟೆ ಗಟ್ಟಿಯಾಗಿರುವಾಗಲೇ ಅದರ ಒಂದು ಕಡ್ಡಿ ಮುರಿಯುತ್ತದೆ. ಕನ್ನಡಕದ ಗಾಜು ತಿಳಿಯಾಗಿರುವಾಗಲೇ ಅದರ ತಿರುಪು ಸಡಿಲಾಗುತ್ತದೆ. ಚಪ್ಪಲಿಯ ಅಟ್ಟೆ ಇನ್ನೂ ಎರಡು ವರ್ಷ ಬಾಳುವಂತಿದ್ದರೂ ಉಂಗುಟ ಕಿತ್ತುಹೋಗುತ್ತದೆ. ಆದರೆ ನೋಡುವವರ ಕಣ್ಣಿಗೆ ಇಡಿಯ ವಸ್ತುವೇ ಮುದಿಯಾದಂತೆ ತೋರುತ್ತದೆ. ‘ಇದರ ಕಾಲ ಮುಗಿಯಿತು’ ಎಂದು ತೀರ್ಪು ಕೊಟ್ಟು ಅಟ್ಟಕ್ಕೇರಿಸುವುದಕ್ಕೆ ಗೃಹಸ್ಥರಿಗೆ ಹೆಚ್ಚು ಹೊತ್ತು ಹಿಡಿಯದು. ಸವೆದ ಮೂಲೆ ಯಾವುದೆಂದು ಕುಳಿತು ಹುಡುಕುವ ವ್ಯವಧಾನ ಯಾರಿಗಿದೆ?

ಹುಬ್ಬಳ್ಳಿಯ ಗೋಪನಕೊಪ್ಪದ ಒಂದು ಮನೆಯಲ್ಲಿ ಇಂಥ ತೀರ್ಪು ಎರಡು ಸಲ ಹೊರಬಿದ್ದಿತ್ತು. ಒಂದು, ಪಡಸಾಲೆಯಲ್ಲಿದ್ದ ಜೋಡಿ ಸ್ಪೀಕರ್ ಪೆಟ್ಟಿಗೆಗಳ ಮೇಲೆ. ಇನ್ನೊಂದು, ಅದೇ ಪಡಸಾಲೆಯ ಮಂಚದ ಮೇಲೆ ಗೋಡೆಗೊರಗಿ ಕೂಡುತ್ತಿದ್ದ ಎಂಬತ್ತೊಂದು ವರ್ಷದ ಅಜ್ಜಿಯ ಮೇಲೆ. ಎರಡೂ ತೀರ್ಪು ತಪ್ಪೆಂದು ತಿಳಿದದ್ದು 2022ರ ಮಳೆಗಾಲದಲ್ಲಿ.

ಗೋಪನಕೊಪ್ಪ ಹೆಸರಿನಿಂದಲೇ ಹಳ್ಳಿ. ಕೊಪ್ಪವೆಂದರೆ ಸಣ್ಣ ಊರು. 1962ರಲ್ಲಿ ಹುಬ್ಬಳ್ಳಿ ಧಾರವಾಡಗಳೆರಡೂ ಕೂಡಿ ಒಂದೇ ಮಹಾನಗರವಾದವು. ಆ ಮಹಾನಗರ ಬೆಳೆಯುತ್ತ ಬೆಳೆಯುತ್ತ ಕೊಪ್ಪವನ್ನೂ ತನ್ನ ಮಡಿಲಿಗೆ ಹಾಕಿಕೊಂಡಿತು. ಈ ಮನೆಯ ಯಜಮಾನರು ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಮಾಡಿ 2020ರಲ್ಲಿ ನಿವೃತ್ತರಾದವರು. ಕಬ್ಬಿಣವೆಂದರೆ ಅವರಿಗೆ ಭಯವಿಲ್ಲ, ಕಾಗದವೆಂದರೆ ಭಯ. ಈ ಮಾತಿನ ಅರ್ಥ ಮುಂದೆ ತಿಳಿದೀತು.

1994ರ ದಸರೆಯ ಬೋನಸ್ಸು ಕೈಗೆ ಬಂದಾಗ ಯಜಮಾನರು ಮನೆಗೆ ಹೇಳದೆ ಕೇಳದೆ ಕೊಪ್ಪೀಕರ ರಸ್ತೆಯ ಅಂಗಡಿಯಿಂದ ಒಂದು ಕ್ಯಾಸೆಟ್ ಯಂತ್ರವನ್ನೂ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನೂ ತಂದರು. ಒಂದೊಂದರಲ್ಲಿ ಮೇಲೊಂದು ಸಣ್ಣ ಸ್ಪೀಕರು, ಕೆಳಗೆ ಎಂಟಿಂಚಿನ ದೊಡ್ಡದು. ಸಣ್ಣದು ಎತ್ತರದ ನಾದಗಳಿಗೆ, ದೊಡ್ಡದು ತಗ್ಗಿನ ನಾದಗಳಿಗೆ. ಆ ದೊಡ್ಡದಕ್ಕೆ ಅಂಗಡಿಯವರು ‘ವೂಫರ್’ ಎನ್ನುತ್ತಾರೆ. ಅಷ್ಟು ಹಣವನ್ನು ಸದ್ದಿಗೆ ಸುರಿದದ್ದನ್ನು ಕಂಡು ಗೃಹಿಣಿ ಎರಡು ದಿನ ಮಾತುಬಿಟ್ಟರು. ಮೂರನೆಯ ದಿನ ಎರಡೂ ಪೆಟ್ಟಿಗೆಗಳಿಗೆ ಹೆಣಿಕೆಯ ಮುಸುಕು ಹೊಲಿದು ಹೊದಿಸಿದರು. ಮಧ್ಯಮವರ್ಗದ ಮನೆಗಳಲ್ಲಿ ಸಂಧಿ ನಡೆಯುವ ಬಗೆಯೇ ಹೀಗೆ.

ಅಜ್ಜಿಗೆ ಮಾತ್ರ ಆ ಪೆಟ್ಟಿಗೆಗಳು ಬಂದದ್ದು ದೊಡ್ಡ ಹಬ್ಬ. ಅವರ ತವರು ಕುಂದಗೋಳದ ಕಡೆಯ ಒಂದು ಹಳ್ಳಿ. 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಕೇಂದ್ರ ಹಾಡಲು ತೊಡಗಿದಾಗ ಅವರಿಗಿನ್ನೂ ಒಂಬತ್ತು ವರ್ಷ. ಹಳ್ಳಿಗೆಲ್ಲ ಇದ್ದದ್ದು ಒಂದೇ ರೇಡಿಯೋ. ಅದರ ಮುಂದೆ ನೆಲದ ಮೇಲೆ ಕುಳಿತು ಕೇಳಿದ ಮಕ್ಕಳಲ್ಲಿ ಅವರೂ ಒಬ್ಬರು. ರಾಗದ ಹೆಸರು ಕೇಳಿದರೆ ಅಜ್ಜಿ ಹೇಳಲಾರರು. ಆದರೆ ದನಿಯ ಗುರುತು ತಪ್ಪುವುದಿಲ್ಲ. ಮನಸೂರ ಮಲ್ಲಿಕಾರ್ಜುನರೋ, ರಾಜಗುರುಗಳೋ, ಭೀಮಸೇನ ಜೋಶಿಯವರೋ ಎಂಬುದನ್ನು ಆಲಾಪದ ಮೊದಲ ಉಸಿರಿನಲ್ಲಿಯೇ ಹೇಳಿಬಿಡುವರು. ಎಲ್ಲರಿಗಿಂತ ಹೆಚ್ಚಿನ ಪ್ರೀತಿ ಗಂಗೂಬಾಯಿ ಹಾನಗಲ್ಲರ ಮೇಲೆ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರಲ್ಲಿ ಪಾಠ ಕಲಿತ ಆ ಮಹಾಗಾಯಿಕೆಯನ್ನು ಅಜ್ಜಿ ತಮ್ಮೂರ ಹೆಣ್ಣುಮಗಳಂತೆಯೇ ಎಣಿಸಿದ್ದರು.

ಗಂಗೂಬಾಯಿಯವರ ದನಿ ಎಂಥದೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಮೊದಲು ಅವರದೂ ತೆಳುವಾದ ಹೆಣ್ಣು ದನಿಯೇ. ಗಂಟಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅದು ತಗ್ಗಿತು, ತೂಕ ತಾಳಿತು. ಕಣ್ಣು ಮುಚ್ಚಿ ಕೇಳಿದವರು ಗಂಡಸು ಹಾಡುತ್ತಿರುವನೆಂದೇ ಭ್ರಮಿಸುವಷ್ಟು ಗಂಭೀರವಾಯಿತು. ಬೇರೊಬ್ಬರಾಗಿದ್ದರೆ ಹಾಡನ್ನೇ ಬಿಟ್ಟಾರು. ಅವರು ಆ ದನಿಯನ್ನೇ ತಮ್ಮ ಐಶ್ವರ್ಯವಾಗಿ ಮಾಡಿಕೊಂಡು, 2009ರ ಜುಲೈ 21ರಂದು ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ವೇಳೆಗೆ ಇಡಿಯ ದೇಶದ ಗೌರವವನ್ನು ಪಡೆದಿದ್ದರು. ಅವರ ಬೆನ್ನ ಹಿಂದೆ ಕುಳಿತು ತಂಬೂರಿ ಮೀಟುತ್ತ ದನಿಗೂಡಿಸುತ್ತಿದ್ದವರು ಮಗಳು ಕೃಷ್ಣಾ. ತಾಯಿಯದು ಭಾರವಾದ ದನಿ, ಮಗಳದು ಹಗುರಾದದ್ದು.

ದಿನವೂ ಮುಂಜಾನೆ, ಅಜ್ಜಿಯ ಪೂಜೆ ಮುಗಿದ ಮೇಲೆ, ಈ ತಾಯಿ ಮಗಳ ಹಾಡು ಪೆಟ್ಟಿಗೆಗಳಿಂದ ಹೊರಡುವುದು ಮನೆಯ ಪದ್ಧತಿಯಾಗಿತ್ತು. ಹದಿನೈದು ವರ್ಷ ಅದು ನಡೆಯಿತು. ಆಮೇಲೆ ಯಾರೂ ನಿಲ್ಲಿಸದೆ ತಾನಾಗಿಯೇ ನಿಂತುಹೋಯಿತು. ಮೊದಲು ಪೆಟ್ಟಿಗೆಯೊಳಗೆ ಸಣ್ಣಗೆ ಗರಗರ ಎಂಬ ಸದ್ದು. ಹಾಡು ಜೋರಾದಾಗ ಕಾಗದ ಹರಿದಂಥ ನಡುಕ. ಬರಬರುತ್ತ ನಾದವೆಲ್ಲ ತೆಳುವಾಗಿ, ಖಾಲಿ ಡಬ್ಬಿಯಲ್ಲಿ ಹಾಡಿದಂತಾಯಿತು. ಅದೇ ಕಾಲಕ್ಕೆ ಅಜ್ಜಿಯ ಕಿವಿಯೂ ಮಂದವಾಗತೊಡಗಿತು. ಹಾಡು ಹಚ್ಚಿದರೆ ಅವರು ಸ್ವಲ್ಪ ಹೊತ್ತು ಮುಖವೆತ್ತಿ ಕೂಡುವರು; ಆಮೇಲೆ ಬತ್ತಿ ಹೊಸೆಯಲು ಬಗ್ಗುವರು.

“ಹಾಡು ಕೇಳ್ತಿ ಏನ್ ಬೇ ಅವ್ವಾ?” ಎಂದು ಮಗ ಕೇಳಿದರೆ, “ಸಾಕ್ ಬಿಡಪಾ, ಎಷ್ಟಂತ ಕೇಳೂದು,” ಎನ್ನುವರು.

ಮನೆಯವರು ತಮ್ಮ ತಮ್ಮಲ್ಲಿ ತೀರ್ಮಾನಿಸಿದರು: ಅಜ್ಜಿಗೆ ಈಗ ಯಾವುದರ ಮೇಲೂ ಮನಸ್ಸಿಲ್ಲ. ವಯಸ್ಸಾಯಿತಲ್ಲ! ವೈದ್ಯರಿಗೆ ತೋರಿಸಿ ಕಿವಿಯ ಯಂತ್ರವನ್ನು ತಂದದ್ದೂ ಆಯಿತು. ಅದನ್ನು ಹಾಕಿಕೊಂಡರೆ ಅಡಿಗೆಮನೆಯ ಪಾತ್ರೆಯ ಸಪ್ಪಳ ಬಡಿದಂತಾಗುತ್ತದೆಂದು ಅಜ್ಜಿ ಅದನ್ನು ವಿಭೂತಿಯ ಗಟ್ಟಿಯ ಪಕ್ಕದಲ್ಲಿ ಡಬ್ಬಿಯೊಳಗಿಟ್ಟು ಮುಚ್ಚಿದರು.

ವೈದ್ಯರು ಅಂದು ಹೇಳಿದ್ದ ಒಂದು ಮಾತನ್ನು ಮಾತ್ರ ಮನೆಯವರು ಸರಿಯಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ವಯಸ್ಸಿನಿಂದ ಬರುವ ಕಿವುಡು ಎಲ್ಲ ನಾದಗಳನ್ನೂ ಸಮನಾಗಿ ಕಸಿದುಕೊಳ್ಳುವುದಿಲ್ಲ. ಎಳೆಯ ಕಿವಿ ಸೆಕೆಂಡಿಗೆ ಇಪ್ಪತ್ತು ಕಂಪನಗಳಿಂದ ಇಪ್ಪತ್ತು ಸಾವಿರ ಕಂಪನಗಳವರೆಗಿನ ನಾದವನ್ನು ಕೇಳಬಲ್ಲದು. ಮುಪ್ಪು ಬಂದಂತೆ ಮೊದಲು ಹೋಗುವುದು ಮೇಲಿನ ತುದಿ. ಹಕ್ಕಿಯ ಚಿಲಿಪಿಲಿ ಹೋಗುತ್ತದೆ, ಗೆಜ್ಜೆಯ ಸದ್ದು ಹೋಗುತ್ತದೆ. ಸಕಾರ, ಶಕಾರ, ತಕಾರಗಳಂಥ ತೆಳು ವ್ಯಂಜನಗಳು ಮಾಸುತ್ತವೆ. ಆದ್ದರಿಂದಲೇ ಮುದುಕರಿಗೆ ಯಾರೋ ಮಾತನಾಡುತ್ತಿರುವುದು ಕೇಳಿಸುತ್ತದೆ, ಏನು ಮಾತನಾಡಿದರೆಂಬುದು ತಿಳಿಯುವುದಿಲ್ಲ. ತಗ್ಗಿನ ನಾದಗಳು ಬಹುಕಾಲ ಉಳಿಯುತ್ತವೆ. ಮನೆಯೊಳಗೆ ಕರೆದರೆ ಓಗೊಡದ ಅಜ್ಜಿ, ದೂರದಲ್ಲಿ ಗೂಡ್ಸು ಗಾಡಿ ಹೋದರೆ ‘ಗಾಡಿ ಹೋತು’ ಎನ್ನುತ್ತಿದ್ದುದಕ್ಕೆ ಕಾರಣ ಇದೇ. ಮನೆಯ ಮಕ್ಕಳು ಅದನ್ನು ಅಜ್ಜಿಯ ಕಪಟವೆಂದು ತಿಳಿದು ನಗುತ್ತಿದ್ದರು.

ಪೆಟ್ಟಿಗೆಯ ಬೇನೆಯನ್ನು ಕಂಡುಹಿಡಿದವಳು ಕಿರಿಯ ಮಗಳು. ಎಂಜಿನಿಯರಿಂಗ್ ಓದುವ ಹುಡುಗಿ. ಶ್ರಾವಣದ ಹೊತ್ತಿಗೆ ಮನೆ ಸಾರಿಸಿ ಧೂಳು ತೆಗೆಯುವಾಗ ಪೆಟ್ಟಿಗೆಯ ಮುಂಭಾಗದ ಬಟ್ಟೆಯ ಚೌಕಟ್ಟನ್ನು ಕಿತ್ತಳು. ಒಳಗಿನ ವೂಫರಿನ ಸುತ್ತ ಇದ್ದ ಕಪ್ಪು ಬಳೆ ಅಲ್ಲಲ್ಲಿ ತುಂಡಾಗಿ ಜೋತುಬಿದ್ದಿತ್ತು. ಬೆರಳು ಸೋಕಿದೊಡನೆ ಹಳೆಯ ಬೆಲ್ಲದಂತೆ ಅಂಟಂಟಾಗಿ ಪುಡಿಯಾಯಿತು. ಗೃಹಿಣಿ ನೋಡಿ, “ಇಲಿ ತಿಂದಾವ್ರಿ,” ಎಂದರು. ಯಜಮಾನರು ಜಿರಲೆಯ ಮೇಲೆ ಅನುಮಾನಪಟ್ಟರು. ಇಲಿಯೂ ನಿರಪರಾಧಿ, ಜಿರಲೆಯೂ ನಿರಪರಾಧಿ.

ವೂಫರಿನ ರಚನೆ ಸರಳ. ನಡುವೆ ಕೊಳವೆಯಂತೆ ಸುತ್ತಿದ ತಂತಿಯ ಸುರುಳಿ. ಅದರ ಹಿಂದೆ ಭಾರವಾದ ಅಯಸ್ಕಾಂತ. ಸುರುಳಿ ಅಯಸ್ಕಾಂತದ ಕಿರಿದಾದ ಸಂದಿನೊಳಗೆ, ಎಲ್ಲಿಯೂ ತಾಗದೆ ನಿಂತಿರಬೇಕು. ಸುತ್ತ ಉಳಿಯುವ ಬಿಡುವು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ವಿದ್ಯುತ್ತು ಹರಿದಂತೆ ಸುರುಳಿ ಹಿಂದೆ ಮುಂದೆ ಕದಲುತ್ತದೆ. ಅದಕ್ಕೆ ಅಂಟಿಸಿದ ಕಾಗದದ ಆಲಿಕೆಯೂ ಕದಲಿ ಗಾಳಿಯನ್ನು ತಳ್ಳುತ್ತದೆ. 1925ರಲ್ಲಿ ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು ಪ್ರಕಟಿಸಿದ ಈ ವಿಧಾನ ಒಂದು ಶತಮಾನ ಕಳೆದರೂ ಮೂಲದಲ್ಲಿ ಬದಲಾಗಿಲ್ಲ. ಆಲಿಕೆಯ ಹೊರ ಅಂಚನ್ನು ಕಬ್ಬಿಣದ ಚೌಕಟ್ಟಿಗೆ ಕೂಡಿಸುವ ಮೆತ್ತನೆಯ ಬಳೆಯೇ ಇಲ್ಲಿ ಪುಡಿಯಾದದ್ದು. ಅದರದು ವಿಚಿತ್ರವಾದ ನೌಕರಿ. ಆಲಿಕೆಯನ್ನು ಬಿಡಬಾರದು, ಬಿಗಿಯಲೂ ಬಾರದು. ಅತ್ತಿತ್ತ ಸರಿಯದಂತೆ ನಡುವಿನಲ್ಲಿ ನಿಲ್ಲಿಸಬೇಕು; ಹಿಂದೆ ಮುಂದೆ ಮಾತ್ರ ಮನಬಂದಂತೆ ಆಡಗೊಡಬೇಕು. ಅಲ್ಲದೆ ಪೆಟ್ಟಿಗೆಯ ಒಳಗಿನ ಗಾಳಿ ಹೊರಗಿನ ಗಾಳಿಯನ್ನು ಕೂಡದಂತೆ ಬಾಗಿಲು ಕಾಯಬೇಕು. ಆಲಿಕೆ ಮುಂದೆ ತಳ್ಳಿದಾಗ ಹಿಂದೆ ಗಾಳಿ ಕಡಿಮೆಯಾಗುತ್ತದೆ; ನಡುವೆ ಬಿರುಕಿದ್ದರೆ ಒಂದು ಇನ್ನೊಂದನ್ನು ನುಂಗಿ ತಗ್ಗಿನ ನಾದವೆಲ್ಲ ಅಲ್ಲಿಯೇ ಲಯವಾಗುತ್ತದೆ. ಬಳೆ ಹರಿದ ಪೆಟ್ಟಿಗೆಯಲ್ಲಿ ಗರಗರ ಬಂದದ್ದು ಸುರುಳಿ ಸಂದಿಗೆ ಉಜ್ಜಿದ್ದರಿಂದ. ನಾದ ತೆಳುವಾದದ್ದು ಈ ಸೋರಿಕೆಯಿಂದ.

ಹಳೆಯ ರೇಡಿಯೋಗಳಲ್ಲಿ ಈ ತೊಂದರೆ ಇರಲಿಲ್ಲ. ಅಲ್ಲಿ ಆಲಿಕೆಯ ಅಂಚನ್ನೇ ನಿರಿಗೆ ಹಿಡಿದು ಚೌಕಟ್ಟಿಗೆ ಅಂಟಿಸುತ್ತಿದ್ದರು. ಅಂಥವು ಎಪ್ಪತ್ತು ವರ್ಷಗಳಾದರೂ ಹಾಡುತ್ತಿವೆ. ಆದರೆ ಚಿಕ್ಕ ಪೆಟ್ಟಿಗೆಯಿಂದ ದೊಡ್ಡ ನಾದ ಬೇಕೆಂಬ ಆಸೆ ಮನುಷ್ಯನದು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ ಒಂದು ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡ. ಅಂಥ ಪೆಟ್ಟಿಗೆಗೆ ಆಲಿಕೆ ಬಹಳ ಸಡಿಲಾಗಿ ಆಡಬೇಕು. ಕಾಗದದ ನಿರಿಗೆ ಅದಕ್ಕೆ ಸಾಲದು. ಮುಂದೆ ಹಗುರಾದ, ಮೆತ್ತನೆಯ, ಅಗ್ಗವಾದ ಪಾಲಿಯುರಿಥೇನ್ ಫೋಮು ಆ ಜಾಗಕ್ಕೆ ಬಂದಿತು. ಜರ್ಮನಿಯ ಆಟೊ ಬೇಯರ್ 1937ರಲ್ಲಿ ಕಂಡುಹಿಡಿದ ದ್ರವ್ಯವದು. ಹಾಸಿಗೆ, ಕುರ್ಚಿ, ಬೂಟಿನ ಅಟ್ಟೆಗಳಲ್ಲೆಲ್ಲ ಅದೇ. ಅದರ ಒಂದು ಬಗೆಯ ಫೋಮಿಗೆ ಗಾಳಿಯ ತೇವವೇ ವಿಷ. ತೇವ ಒಳಗಿಳಿದು ಅದರ ಅಣುಸರಪಣಿಯ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಬಿಸಿಲೂ ಪ್ರಾಣವಾಯುವೂ ಆ ಕೆಲಸಕ್ಕೆ ಕೈಗೂಡಿಸುತ್ತವೆ. ಹತ್ತರಿಂದ ಇಪ್ಪತ್ತು ವರ್ಷಗಳಲ್ಲಿ ಬಳೆ ಪುಡಿಯಾಗುತ್ತದೆ. ಪೆಟ್ಟಿಗೆಯನ್ನು ಹಗಲಿರುಳು ಹಾಡಿಸಿರಿ, ಹೆಣಿಕೆಯ ಮುಸುಕು ಹೊದಿಸಿ ಮುಟ್ಟದೆ ಇಡಿರಿ, ಫಲ ಹೆಚ್ಚುಕಡಿಮೆ ಒಂದೇ.

ದುರಸ್ತಿಯವನೊಬ್ಬನಿಗೆ ತೋರಿಸಿದಾಗ ಅವನು ಪ್ರಾಮಾಣಿಕವಾಗಿಯೇ ಹೇಳಿದ: “ಕಾಕಾ, ಆಲಿಕಿ, ಕಾಯಿಲ್ ಎಲ್ಲಾ ತಗದು ಹೊಸಾದು ಕೂಡಸ್ತೀನಿ. ಗಣಪತಿ ಹಬ್ಬದ ಸ್ಪೀಕರಿಗೆ ನಾವು ಹಂಗ ಮಾಡೂದು. ಆದರ ಮೊದಲಿನ ದನಿ ಬರತೈತಿ ಅಂತ ಹೇಳಂಗಿಲ್ಲ.” ಅವನ ಮಾತಿನಲ್ಲಿ ಸತ್ಯವಿತ್ತು. ಆಲಿಕೆಯ ತೂಕ, ಸುರುಳಿಯ ಸುತ್ತು ಬದಲಾದರೆ ದನಿಯೂ ಬದಲಾಗುತ್ತದೆ. ಕೆಟ್ಟದ್ದು ಬಳೆಯೊಂದೇ ಆಗಿರುವಾಗ ಉಳಿದದ್ದನ್ನು ಏಕೆ ಕೀಳಬೇಕು? ಬಳೆಯನ್ನು ಮಾತ್ರ ಅಂಚೆಯ ಮೂಲಕ ತರಿಸಬಹುದೆಂದು ಮಗಳು ಕಂಡುಕೊಂಡಳು. ಎಂಟಿಂಚು ಎಂದು ಬರೆದರೆ ಸಾಲದು. ಅದು ಚೌಕಟ್ಟಿನ ಅಳತೆ. ಆಲಿಕೆಯ ಅಂಚೆಷ್ಟು, ಬಳೆ ಕೂಡುವ ಕಟ್ಟೆ ಎಷ್ಟು, ನಡುವಿನ ಉಬ್ಬೆಷ್ಟು ಎಂದು ಮಿಲಿಮೀಟರುಗಳಲ್ಲಿ ಅಳೆಯಬೇಕು. ತಂದೆ ಮಗಳು ಅಳತೆಪಟ್ಟಿ ಹಿಡಿದು ಬಗ್ಗಿದ್ದನ್ನು ಅಜ್ಜಿ ಮಂಚದಿಂದ ನೋಡಿ, “ಬಳೆಗಾರ ಬಂದಾನೇನ?” ಎಂದರು. ಮಾತು ಕೇಳಿಸದಿದ್ದರೂ ನೋಟ ಚುರುಕಾಗಿತ್ತು.

ಎಂಟು ದಿನಕ್ಕೆ ಬಳೆಗಳು ಬಂದವು. ಮೊದಲ ಕೆಲಸ ಹಳೆಯದನ್ನು ಕೀಳುವುದು. ಇದೇ ಎಲ್ಲಕ್ಕಿಂತ ಬೇಸರದ್ದು. ಚೌಕಟ್ಟಿಗೆ ಹತ್ತಿದ ಅಂಟನ್ನು ಯಜಮಾನರು ಕಾರ್ಖಾನೆಯ ಅಭ್ಯಾಸದಿಂದ ಹತ್ತು ನಿಮಿಷದಲ್ಲಿ ಕೆರೆದು ತೆಗೆದರು. ಆದರೆ ಆಲಿಕೆ ಕಾಗದದ್ದು. ಕೈ ಸ್ವಲ್ಪ ಭಾರವಾದರೆ ಹರಿಯುತ್ತದೆ. ಮೂವತ್ತೈದು ವರ್ಷ ಉಕ್ಕಿನ ಜೊತೆ ಗುದ್ದಾಡಿದ ಕೈ ಕಾಗದದ ಮುಂದೆ ನಡುಗಿತು. ಕೊನೆಗೆ ಗೃಹಿಣಿ ಕುಳಿತು, ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ತೋಯಿಸಿ, ಹಪ್ಪಳದ ಅಂಚು ತಿದ್ದುವ ಹಗುರಿನಿಂದ ಉಜ್ಜಿ ಉಜ್ಜಿ ಅಂಟನ್ನೆಲ್ಲ ಬಿಡಿಸಿದರು. ಒಂದೊಂದಕ್ಕೆ ಒಂದೊಂದು ಮಧ್ಯಾಹ್ನ ಹಿಡಿಯಿತು. 1994ರಲ್ಲಿ ಎರಡು ದಿನ ಮಾತುಬಿಟ್ಟವರು ಇವರೇ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಮುಂದಿನದು ಸುರುಳಿಯನ್ನು ನಟ್ಟನಡುವೆ ನಿಲ್ಲಿಸುವ ಕೆಲಸ. ಆಲಿಕೆಯ ನಡುವಿನ ಟೊಪ್ಪಿಗೆಯನ್ನು ಬ್ಲೇಡಿನಿಂದ ಬಿಡಿಸಿ, ಸುರುಳಿಗೂ ಅಯಸ್ಕಾಂತದ ಕಂಬಕ್ಕೂ ನಡುವಿನ ಸಂದಿನಲ್ಲಿ ನಾಲ್ಕೂ ಕಡೆ ತೆಳುವಾದ ಪಟ್ಟಿಗಳನ್ನು ಇಳಿಸಬೇಕು. ಬಳೆ ಒಣಗುವವರೆಗೆ ಅವು ಸುರುಳಿಯನ್ನು ಅಲುಗದಂತೆ ಹಿಡಿಯುತ್ತವೆ. ತೆಳುವಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು; ಕಬ್ಬಿಣವಂತೂ ಕೂಡದು, ಅಯಸ್ಕಾಂತ ಎಳೆದುಕೊಳ್ಳುತ್ತದೆ. ಲಗ್ನಪತ್ರಿಕೆಯನ್ನು ಕತ್ತರಿಸಿ ನೋಡಿದರು; ದಪ್ಪವಾಯಿತು. ಆಗ ಕಪಾಟಿನಲ್ಲಿದ್ದ ಅಜ್ಜಿಯ ಮೊಣಕಾಲಿನ ಹಳೆಯ ಎಕ್ಸ್‌ರೇ ನೆನಪಾಯಿತು. ಕತ್ತರಿ ಹಿಡಿದು ಅಪ್ಪಣೆ ಕೇಳಲು ಬಂದ ಮೊಮ್ಮಗಳಿಗೆ ಅಜ್ಜಿ, “ಒಯ್ಯಿ ಒಯ್ಯಿ. ಆ ಮಣಕಾಲು ನನಗಂತೂ ಬರಲಿಲ್ಲ, ನಿಮ್ಮ ಪೆಟಗಿಗರೆ ಬರಲಿ,” ಎಂದರು. ಎಕ್ಸ್‌ರೇಯ ಹಾಳೆಯ ಪಟ್ಟಿಗಳು ಸಂದಿನಲ್ಲಿ ಹೇಳಿಮಾಡಿಸಿದಂತೆ ಕುಳಿತವು.

ಒಣಗಿದ ಮೇಲೂ ಬಾಗುವ ಬಿಳಿಯ ಅಂಟಿನಿಂದ ಬಳೆಯನ್ನು ಮೊದಲು ಆಲಿಕೆಗೆ ಹಚ್ಚಿ ಒಂದು ರಾತ್ರಿ ಬಿಟ್ಟರು. ಮರುದಿನ ಚೌಕಟ್ಟಿಗೆ ಹಚ್ಚಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸುತ್ತಲೂ ಕಚ್ಚಿಸಿದರು. ಹೊರಗೆ ಮಳೆ; ಅಂಟು ಆರಲು ಇನ್ನೊಂದು ದಿನ ಹೆಚ್ಚು ಹಿಡಿಯಿತು. ಅಷ್ಟು ದಿನವೂ ಮನೆಯ ಬಟ್ಟೆಗಳು ಕ್ಲಿಪ್ಪಿಲ್ಲದೆ ಒಳಗಿನ ಹಗ್ಗದ ಮೇಲೆ ಕಷ್ಟಪಟ್ಟವು. ಆಮೇಲೆ ಪಟ್ಟಿಗಳನ್ನು ತೆಗೆದು, ಎರಡೂ ಕೈಗಳ ಬೆರಳ ತುದಿಯಿಂದ ಆಲಿಕೆಯನ್ನು ಮೆಲ್ಲಗೆ ಅದುಮಿ ನೋಡಿದರು. ಎಲ್ಲಿಯೂ ಉಜ್ಜಿದ ಸದ್ದಿಲ್ಲ. ಟೊಪ್ಪಿಗೆಯನ್ನು ಮರಳಿ ಅಂಟಿಸಿ, ವೂಫರುಗಳನ್ನು ಪೆಟ್ಟಿಗೆಗೆ ತಿರುಪಿ ಬಿಗಿದು, ತಂತಿಗಳನ್ನು ಸಿಕ್ಕಿಸಿದರು.

ಗಂಗೂಬಾಯಿಯವರ ಹಾಡು ಹಚ್ಚಿದರು. ಗರಗರ ಮಾಯವಾಗಿತ್ತು. ದನಿ ಸ್ವಚ್ಛವಾಗಿತ್ತು. ತಂದೆ ಮಗಳು ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕರು. ಗೃಹಿಣಿ ಚಹಕ್ಕೆ ನೀರಿಟ್ಟರು. ಅಜ್ಜಿ ಎಂದಿನಂತೆ ಸ್ವಲ್ಪ ಹೊತ್ತು ಮುಖವೆತ್ತಿ ಕುಳಿತರು. ಆಮೇಲೆ ಹತ್ತಿಯನ್ನು ಕೈಗೆತ್ತಿಕೊಂಡರು.

ಯಜಮಾನರ ಮುಖ ಸಣ್ಣದಾಯಿತು. ತಾಯಿಯ ಬಳಿ ಬಗ್ಗಿ, “ಕೇಳಸವಲ್ದೇನ್ ಬೇ?” ಎಂದರು.

“ಕೇಳಸ್ತೈತೋ ತಮ್ಮಾ. ಆದರ ಗಂಗೂಬಾಯಾರು ಗ್ವಾಡಿ ಆಚೀ ಕಡೆ ಕುಂತು ಹಾಡಾಕತ್ತಾರ. ಇಲ್ಲಿಲ್ಲ ಅವರು.”

ಮುಪ್ಪಿನ ಮಾತೆಂದು ಅದನ್ನು ಬಿಟ್ಟುಬಿಡುವುದು ಸುಲಭವಾಗಿತ್ತು; ಇಷ್ಟು ವರ್ಷ ಹಾಗೆಯೇ ನಡೆದಿತ್ತು. ಆದರೆ ಮಗಳು ಕೈಯಲ್ಲಿದ್ದ ಚಹದ ಬಟ್ಟಲನ್ನು ಕೆಳಗಿಟ್ಟಳು. ಅಜ್ಜಿ ಹೇಳಿದ್ದು ಪಾಠದ ಪುಸ್ತಕದಲ್ಲಿ ಬರೆದಿಟ್ಟಷ್ಟು ಕರಾರುವಾಕ್ಕಾಗಿತ್ತು. ಒಂದೇ ಹಾಡು ಎರಡೂ ಪೆಟ್ಟಿಗೆಗಳಿಂದ ಬರುವಾಗ ಎರಡೂ ಆಲಿಕೆಗಳು ಒಟ್ಟಿಗೇ ಮುಂದೆ ಬರಬೇಕು, ಒಟ್ಟಿಗೇ ಹಿಂದೆ ಸರಿಯಬೇಕು. ಒಂದರ ತಂತಿಗಳು ಅದಲುಬದಲಾದರೆ ಅದು ಮುಂದೆ ಬಂದಾಗ ಇದು ಹಿಂದೆ ಹೋಗುತ್ತದೆ. ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಹೀರಿಕೊಳ್ಳುತ್ತದೆ. ತಗ್ಗಿನ ನಾದ ನಡುವಿನಲ್ಲಿಯೇ ಸತ್ತುಹೋಗುತ್ತದೆ. ಹಾಡುವವರು ಎಲ್ಲಿ ಕುಳಿತಿದ್ದಾರೆಂಬ ನೆಲೆಯೇ ತಪ್ಪುತ್ತದೆ. ಮೇಲಿನ ನಾದಗಳು ಮಾತ್ರ ನಿಚ್ಚಳವಾಗಿ ಉಳಿಯುವುದರಿಂದ, ಅವನ್ನು ಕೇಳಬಲ್ಲ ಮೂವರಿಗೆ ದೋಷ ಕಾಣಲಿಲ್ಲ. ತಗ್ಗಿನ ನಾದವೊಂದನ್ನೇ ನಂಬಿ ಬದುಕಿದ ಕಿವಿಗೆ ಅದು ತಕ್ಷಣ ತಿಳಿಯಿತು.

“ಅಪ್ಪಾ, ಯಾವದರದೋ ವಾಯರು ಉಲ್ಟಾ ಆಗೇತ್ರಿ.”

ಪರೀಕ್ಷೆಗೆ ಬೇಕಾದದ್ದು ಟಾರ್ಚಿನ ಒಂದೂವರೆ ವೋಲ್ಟಿನ ಶೆಲ್ಲು, ಅಷ್ಟೇ. ಶೆಲ್ಲಿನ ಧನ ತುದಿಯನ್ನು ವೂಫರಿನ ಧನ ತುದಿಗೂ ಋಣವನ್ನು ಋಣಕ್ಕೂ ಒಂದು ಕ್ಷಣ ಮುಟ್ಟಿಸಿದರೆ ಆಲಿಕೆ ಮುಂದಕ್ಕೆ ಜಿಗಿಯುತ್ತದೆ. ಹಾಗೆ ಗುರುತಿಟ್ಟುಕೊಂಡು ತಂತಿಗಳನ್ನು ಹೋಲಿಸಿದಾಗ ಎಡಗಡೆಯ ಪೆಟ್ಟಿಗೆಯಲ್ಲಿ ಅವು ಅದಲುಬದಲಾಗಿದ್ದವು. ಬಿಚ್ಚುವಾಗ ಗುರುತು ಹಾಕದ ಪರಿಣಾಮವದು. ಬದಲಿಸಲು ಐದು ನಿಮಿಷ ಸಾಕಾಯಿತು. ಪುನಃ ಹಾಡು ಹಚ್ಚಿದರು.

ತಂಬೂರಿಯ ಖರ್ಜ ಮೊದಲು ನೆಲದಿಂದ ಎದ್ದಂತೆ ಎದ್ದಿತು. ಡಗ್ಗಾದ ಪೆಟ್ಟು ಮಂಚದ ಹಲಗೆಗೆ ತಾಗಿತು. ಆಮೇಲೆ ಆ ದನಿ ಬಂದಿತು. ಪಡಸಾಲೆಯ ನಟ್ಟನಡುವೆ, ಎರಡು ಪೆಟ್ಟಿಗೆಗಳ ನಡುವಿನ ಬರಿಯ ಜಾಗದಲ್ಲಿ ಯಾರೋ ಬಂದು ಕುಳಿತಂತೆ. ಅಜ್ಜಿಯ ಕೈಯ ಹತ್ತಿ ಕೈಯಲ್ಲಿಯೇ ಉಳಿಯಿತು. ಅವರು ಅಳಲಿಲ್ಲ, ತಲೆದೂಗಲೂ ಇಲ್ಲ. ಬಲಗೈಯ ಬೆರಳು ಮಾತ್ರ ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು. ಹಾಡು ಅರ್ಧಕ್ಕೆ ಬಂದಾಗ ಮಗನನ್ನು ಕರೆದು ಒಂದೇ ಮಾತು ಹೇಳಿದರು: “ಈಗ ನೋಡು, ತಾಯಿ ಯಾರು, ಮಗಳು ಯಾರು ಗುರ್ತು ಸಿಗತೈತಿ.”

ಇಷ್ಟು ವರ್ಷ ಆ ಮನೆಯಲ್ಲಿ ನಡೆದದ್ದು ಇದು: ಪೆಟ್ಟಿಗೆ ಹೇಳುತ್ತಿದ್ದುದನ್ನು ಅಜ್ಜಿಯ ಕಿವಿ ಕೇಳಲಾರದಾಗಿತ್ತು, ಅಜ್ಜಿಯ ಕಿವಿ ಕೇಳಬಲ್ಲುದನ್ನು ಪೆಟ್ಟಿಗೆ ಹೇಳಲಾರದಾಗಿತ್ತು. ಮೇಲಿನದು ಅಲ್ಲಿ ಹೋಗಿತ್ತು, ಕೆಳಗಿನದು ಇಲ್ಲಿ ಹೋಗಿತ್ತು. ಇದನ್ನು ನಿರಾಸಕ್ತಿಯೆಂದೂ ವೈರಾಗ್ಯವೆಂದೂ ಮುಪ್ಪೆಂದೂ ಕರೆದದ್ದು ಸುತ್ತಲಿನವರು. ಹಿರಿಯರು ಒಂದೊಂದಾಗಿ ತಮ್ಮ ಇಷ್ಟಗಳನ್ನು ಬಿಡುತ್ತಿರುವರೆಂದು ತೋರಿದಾಗ, ಅವರೇ ಬಿಟ್ಟರೋ, ತಲುಪಿಸುವ ದಾರಿ ಎಲ್ಲಿಯಾದರೂ ಹರಿದಿದೆಯೋ ಎಂದು ಯಾವ ಮನೆಯಲ್ಲಿ ಕೇಳುತ್ತಾರೆ? ‘ಸಾಕು ಬಿಡಪಾ’ ಎಂಬ ಮಾತಿನಲ್ಲಿ ತೃಪ್ತಿಯೂ ಇರಬಹುದು, ತೊಂದರೆ ಕೊಡಲಾರೆನೆಂಬ ಸಂಕೋಚವೂ ಇರಬಹುದು. ಕೇಳಿಸದೆಂದು ಹೇಳಿದರೆ ಮತ್ತೆ ಆ ಕಿವಿಯ ಯಂತ್ರದ ಪ್ರಸ್ತಾಪ ಬಂದೀತೆಂಬ ಭಯವಂತೂ ಅಜ್ಜಿಗೆ ಇದ್ದೇ ಇತ್ತು.

ಅಂದು ಆ ಯಂತ್ರವೂ ಡಬ್ಬಿಯಿಂದ ಹೊರಬಂದಿತೆಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು, ಆದರೆ ಬರಲಿಲ್ಲ. ಅಜ್ಜಿ ಇನ್ನೂ ಕರೆದರೆ ಓಗೊಡುವುದಿಲ್ಲ. ಮೊಮ್ಮಗಳು ಮಾತ್ರ ಈಗ ಕಿರುಚುವುದನ್ನು ಬಿಟ್ಟು, ಹತ್ತಿರ ಹೋಗಿ ದನಿಯನ್ನು ತಗ್ಗಿಸಿ ನಿಧಾನವಾಗಿ ಮಾತನಾಡುತ್ತಾಳೆ. ಕಿರುಚಿದರೆ ದನಿ ಮೇಲಕ್ಕೇರುತ್ತದೆ. ಮೇಲಿನ ದಾರಿಯೇ ಅಲ್ಲಿ ಮುಚ್ಚಿದೆ. ಇದನ್ನು ಅವಳಿಗೆ ಕಲಿಸಿದ್ದು ಆ ಎಂಟಿಂಚಿನ ವೂಫರು.

ವಾಚಕರ ಮನೆಯ ಅಟ್ಟದ ಮೇಲೂ ಇಂಥ ಪೆಟ್ಟಿಗೆಗಳು ಇದ್ದಾವು. ಎಸೆಯುವ ಮುನ್ನ ಮುಂದಿನ ಬಟ್ಟೆಯನ್ನು ತೆಗೆದು ಬಳೆಯನ್ನು ಮೆಲ್ಲಗೆ ಮುಟ್ಟಿ ನೋಡಬೇಕು. ಅದು ಪುಡಿಯಾಗಿದ್ದು, ಆಲಿಕೆ ಹರಿಯದೆ, ಸುರುಳಿ ಸುಡದೆ ಉಳಿದಿದ್ದರೆ, ಪೆಟ್ಟಿಗೆಯ ಆಯುಷ್ಯ ಮುಗಿದಿಲ್ಲ. ಬಿಚ್ಚುವಾಗ ತಂತಿಗಳಿಗೆ ಗುರುತು ಹಾಕುವುದನ್ನು ಮರೆಯಬಾರದು. ಎಲ್ಲರ ಮನೆಯಲ್ಲಿಯೂ ತಪ್ಪು ಹೇಳಿಕೊಡುವ ಅಜ್ಜಿ ಇರುವುದಿಲ್ಲ. ರಬ್ಬರಿನ ಬಳೆ ಸಿಕ್ಕರೆ ಅದು ಫೋಮಿಗಿಂತ ಹೆಚ್ಚು ಕಾಲ ಬಾಳುತ್ತದೆ. ಆದರೆ ಫೋಮಿಗಿಂತ ಭಾರವಾದ್ದರಿಂದ ಪೆಟ್ಟಿಗೆಯ ದನಿ ತುಸು ಬದಲಾಗಬಹುದು. ಮೊದಲಿನ ದನಿಯೇ ಬೇಕೆನ್ನುವವರು ಫೋಮನ್ನೇ ಹಾಕಿ, ಹದಿನೈದು ವರ್ಷಕ್ಕೊಮ್ಮೆ ಈ ವ್ರತವನ್ನು ಆಚರಿಸಬೇಕು.

ಗೋಪನಕೊಪ್ಪದ ಮನೆಯವರು ಆರಿಸಿಕೊಂಡದ್ದು ಫೋಮನ್ನೇ. ಪೆಟ್ಟಿಗೆಗಳ ಬೆನ್ನಿನ ಮೇಲೆ ಮಗಳು ಸೀಸದ ಕಡ್ಡಿಯಿಂದ ತಾರೀಖನ್ನು ಬರೆದು, ಕೆಳಗೆ ‘ಮುಂದಿನ ಬಳೆ: 2037’ ಎಂದು ಸೇರಿಸಿದಳು. ಏನು ಬರೆದೆ ಎಂದು ಅಜ್ಜಿ ಕೈಸನ್ನೆಯಿಂದ ಕೇಳಿದರು. ಯಜಮಾನರು ತಡವರಿಸಿದರು, ಆ ಇಸವಿಯನ್ನು ಎಂಬತ್ತೊಂದು ವರ್ಷದ ತಾಯಿಯ ಮುಂದೆ ಹೇಗೆ ಉಚ್ಚರಿಸುವುದು? ಮಗಳು ಹಿಂದೆಮುಂದೆ ನೋಡದೆ ಹತ್ತಿರ ಹೋಗಿ, ದನಿ ತಗ್ಗಿಸಿ ಹೇಳಿಬಿಟ್ಟಳು. ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕಿ, ಮಗನ ಕಡೆಗೆ ನೋಡಿದರು.

“ಅಷ್ಟರಾಗ ನಿನ್ನ ಕಿವೀನೂ ನನ್ನಂಗ ಆಗಿರತೈತಿ ತಮ್ಮಾ. ವಾಯರು ಉಲ್ಟಾ ಆತಂದ್ರ ಆವಾಗ ನೀನ ಹೇಳಬೇಕ ನೋಡು.”